ಕಡತ

ಕಡತ ಎಂದರೆ ಪುತ್ತೂರು, ಸುಳ್ಯ, ಕಡಬದವರಿಗೆ ನೆನಪಾಗುವುದು ತಾಲೂಕು ಕಚೇರಿಯ ಧೂಳು ಹಿಡಿದ ಕಾಗದದ ಕಟ್ಟು. ಹಳೆಯ ಕಡತ ಕಾಗದವೇ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಲೆಕ್ಕದ ಪುಸ್ತಕ. 'ಕಡಿತ' ಎಂಬ ರೂಪವೂ ಉಂಟು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಕಂಪ್ಯೂಟರಿನ ಫೈಲ್ ಸಿಸ್ಟಮ್ಮಿಗೆ 'ಕಡತ ವ್ಯವಸ್ಥೆ' ಎಂದರೆ ಸರಕಾರಿ ವಾಸನೆ ಎಂಬ ಆಕ್ಷೇಪವಿದೆ. ನನಗೆ ಆ ವಾಸನೆಯೇ ಉಪಯುಕ್ತ ಅನಿಸುತ್ತದೆ: ದಾಖಲೆ ಕೋಣೆಯಲ್ಲಿ ಯಾವ ಕಟ್ಟು ಎಲ್ಲಿದೆಯೆಂದು ಗುಮಾಸ್ತನಿಗೆ ಗೊತ್ತಿರದಿದ್ದರೆ ದಾಖಲೆ ಇದ್ದೂ ಇಲ್ಲದಂತೆ; ಡಿಸ್ಕಿನಲ್ಲಿ ಆ ಗುಮಾಸ್ತನ ಕೆಲಸ ಕಡತ ವ್ಯವಸ್ಥೆಯದು.

ಲಿನಕ್ಸಿನ ಎಕ್ಸ್ಟ್4 ಎಂಬ ಕಡತ ವ್ಯವಸ್ಥೆಯಿರುವ ಡಿಸ್ಕನ್ನು ವಿಂಡೋಸಿಗೆ ಸಿಕ್ಕಿಸಿದರೆ ಅದು 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳುತ್ತದೆ. ಡಿಸ್ಕ್ ಕೆಟ್ಟಿಲ್ಲ, ವಿಂಡೋಸಿನ ತಿರುಳಾದ ಕರ್ನಲ್‌ಗೆ ಆ ಜೋಡಣೆ ತಿಳಿಯದು ಅಷ್ಟೆ. ಒಪ್ಪಿದರೆ ಕಡತ ಹೋಯಿತು! ಈ ಸೀಮೆಯ ತಿಗಳಾರಿ ಲಿಪಿಯ ತಾಳೆಗರಿಯೂ ಹಾಗೆಯೇ. ಕನ್ನಡ ಮಾತ್ರ ಓದುವವನಿಗೆ ತಿಳಿಯದ್ದಕ್ಕೆ ಗರಿಯದ್ದೇನು ತಪ್ಪು? ಓದಬಲ್ಲವರನ್ನು ಪಕ್ಕದಲ್ಲಿ ಕೂರಿಸಬೇಕು. ಲಿನಕ್ಸ್ 2005ರಲ್ಲಿ ಸೇರಿಸಿಕೊಂಡ ಫ್ಯೂಸ್ ಎಂಬ ಸೌಲಭ್ಯ ಮಾಡುವುದು ಇದನ್ನೇ: ಕರ್ನಲ್ಲಿನ ಹೊರಗಿರುವ ಸಾಮಾನ್ಯ ಪ್ರೋಗ್ರಾಮು ದುಭಾಷಿಯಾಗುತ್ತದೆ. ದುಭಾಷಿಯಿಂದ ಕೆಲಸ ನಿಧಾನವಲ್ಲವೇ? ಹೌದು, ಓದಲು ಆಗಾಗ ಹೊರಗೆ ಹೋಗಿ ಬರಬೇಕು. ಆದರೆ ದುಭಾಷಿ ಎಡವಿದರೂ ಕಚೇರಿ ಬಾಗಿಲು ಮುಚ್ಚುವುದಿಲ್ಲ. ಕಾಲಕ್ರಮದಲ್ಲಿ ಕಚೇರಿಯೂ ಕಲಿಯುತ್ತದೆ: ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್ಎಸ್ ಡಿಸ್ಕಿಗೆ ಬರೆಯಲು ಬಹುಕಾಲ ಫ್ಯೂಸ್ ನೆಚ್ಚಿದ್ದ ಲಿನಕ್ಸಿಗೆ 2021ರಲ್ಲಿ ಕರ್ನಲ್ಲಿನೊಳಗೇ ಎನ್‌ಟಿಎಫ್ಎಸ್3 ಎಂಬ ಚಾಲಕ ಬಂತು, ತುಳು-ತಿಗಳಾರಿ ಲಿಪಿಯೂ 2024ರಲ್ಲಿ ಯೂನಿಕೋಡ್ ಸೇರಿತು.