ಬೇಲಿಯೂ ಹೊಲವೂ

ಬ್ರಿಟಿಷರು ಭರತಖಂಡವನ್ನು ಗೆದ್ದ ಕಥೆಯನ್ನು ನಾವು ಸಾಮಾನ್ಯವಾಗಿ ಕದನಗಳ ಕಥೆಯಾಗಿ ಓದಿದ್ದೇವೆ. ಪ್ಲಾಸಿ, ಬಕ್ಸಾರ್, ಶ್ರೀರಂಗಪಟ್ಟಣ ಎಂಬ ಹೆಸರುಗಳನ್ನು ಶಾಲೆಯ ದಿನಗಳಲ್ಲಿ ಬಾಯಿಪಾಠ ಮಾಡದವರು ವಿರಳ. ಆದರೆ ಯುದ್ಧ ಗೆಲ್ಲುವುದಕ್ಕೆ ಸೈನ್ಯ ಬೇಕು, ಸೈನ್ಯಕ್ಕೆ ತಿಂಗಳು ತಿಂಗಳೂ ಸಂಬಳ ಬೇಕು. 1600ರ ಕೊನೆಯ ದಿನ ರಾಣಿಯಿಂದ ಸನ್ನದು ಪಡೆದು, ಮೆಣಸು ಬಟ್ಟೆಗಳ ವ್ಯಾಪಾರಕ್ಕೆಂದು ಬಂದ ಒಂದು ಕಂಪನಿ ಅಷ್ಟು ದೊಡ್ಡ ಸೈನ್ಯವನ್ನು ಯಾರ ಹಣದಿಂದ ಸಾಕಿತು? ಈ ಪ್ರಶ್ನೆಯ ಜಾಡು ಹಿಡಿದು ಹೊರಟರೆ, ರಣರಂಗದಲ್ಲಿ ಕಾಣದ ಎಷ್ಟೋ ಸಂಗತಿಗಳು ಲೆಕ್ಕದ ಪುಸ್ತಕಗಳಲ್ಲಿ ಕಾಣಸಿಗುತ್ತವೆ.

ಮೊದಲ ಉತ್ತರ ದೊರೆಯುವುದು 1765ರಲ್ಲಿ. ಹಿಂದಿನ ವರ್ಷ ಬಕ್ಸಾರಿನಲ್ಲಿ ಸೋತಿದ್ದ ಮೊಗಲ್ ಬಾದಷಹ ಎರಡನೆಯ ಷಾ ಆಲಂ, ವರ್ಷಕ್ಕೆ 26 ಲಕ್ಷ ರೂಪಾಯಿಗಳ ಕಾಣಿಕೆಗೆ ಒಪ್ಪಿ, ಬಂಗಾಳ, ಬಿಹಾರ ಮತ್ತು ಒರಿಸ್ಸಾಗಳ ದಿವಾನಿ ಹಕ್ಕನ್ನು, ಅಂದರೆ ಕಂದಾಯ ವಸೂಲಿಯ ಅಧಿಕಾರವನ್ನು, ಕಂಪನಿಗೆ ಬರೆದುಕೊಟ್ಟನು. ಅದುವರೆಗೆ ಇಲ್ಲಿಯ ಸರಕು ಕೊಳ್ಳಲು ಇಂಗ್ಲೆಂಡಿನಿಂದ ಬೆಳ್ಳಿ ಬರಬೇಕಾಗಿತ್ತು. ಇನ್ನು ಮೇಲೆ ಬಂಗಾಳದ ರೈತ ತೆತ್ತ ಕಂದಾಯದಿಂದಲೇ ಬಂಗಾಳದ ಬಟ್ಟೆಯನ್ನು ಕೊಂಡು ಹಡಗಿಗೆ ಏರಿಸಬಹುದಾಯಿತು. ಐದು ವರ್ಷ ಕಳೆಯುವುದರೊಳಗೆ, 1769-70ರಲ್ಲಿ, ಆ ನಾಡನ್ನು ಭೀಕರ ಕ್ಷಾಮ ಬಡಿಯಿತು. ಜನ ಲಕ್ಷಗಟ್ಟಲೆ ಸತ್ತರೂ ವಸೂಲಿಯ ಬಿಗಿ ಸಡಿಲಲಿಲ್ಲ.

ಎರಡನೆಯ ಉತ್ತರ ಇನ್ನೂ ಸೂಕ್ಷ್ಮವಾದದ್ದು. ಇತಿಹಾಸಕಾರರು ಅದನ್ನು ಸಹಾಯಕ ಸೈನ್ಯ ಪದ್ಧತಿ ಎಂದು ಕರೆಯುತ್ತಾರೆ. 1798ರಿಂದ 1805ರವರೆಗೆ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿ ಇದಕ್ಕೆ ಸುಸಂಬದ್ಧವಾದ ರೂಪ ಕೊಟ್ಟನಾದರೂ ಇದರ ಬೀಜ ಅವನಿಗಿಂತ ಹಿಂದಿನದು. ಒಪ್ಪಂದದ ತಿರುಳು ಇಷ್ಟು: ಕಂಪನಿ ಅರಸನಿಗೆ ರಕ್ಷಣೆ ಒದಗಿಸುತ್ತದೆ, ಅದಕ್ಕಾಗಿ ಇಡುವ ದಂಡಿನ ಖರ್ಚನ್ನು ಅರಸ ಹೊರುತ್ತಾನೆ, ಆಸ್ಥಾನದಲ್ಲಿ ಕಂಪನಿಯ ರೆಸಿಡೆಂಟ್ ಇರುತ್ತಾನೆ, ಅವನ ಸಮ್ಮತಿಯಿಲ್ಲದೆ ಅರಸ ಮತ್ತೊಂದು ರಾಜ್ಯದೊಡನೆ ಪತ್ರವ್ಯವಹಾರವನ್ನೂ ಮಾಡುವಂತಿಲ್ಲ. ಕೇಳುವುದಕ್ಕೆ ಇದೊಂದು ಹೊಲಕ್ಕೆ ಬೇಲಿ ಹಾಕಿಸಿಕೊಂಡಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ನಮ್ಮ ಹಿರಿಯರ ಮಾತು ಎಷ್ಟು ನಿಜವೆಂಬುದು ಆಮೇಲೆ ತಿಳಿಯಿತು.

ಆರ್ಕಾಟಿನ ನವಾಬ ಮಹಮ್ಮದಾಲಿಯ ಸ್ಥಿತಿಯನ್ನು ನೋಡಿ. ಕಂಪನಿಗೆ ತೆರಬೇಕಾದ ಹಣಕ್ಕಾಗಿ ಆತ ಸಾಲ ಮಾಡಿದ್ದು ಕಂಪನಿಯ ನೌಕರರಿಂದಲೇ! ಬಡ್ಡಿಗೆ ಆಧಾರವಾಗಿ ಜಿಲ್ಲೆ ಜಿಲ್ಲೆಗಳ ಕಂದಾಯವನ್ನೇ ಅಡವಿಟ್ಟ. ಈ ಸಾಲದ ಹಗರಣ ಎಷ್ಟು ಬೆಳೆಯಿತೆಂದರೆ 1785ರಲ್ಲಿ ಎಡ್ಮಂಡ್ ಬರ್ಕ್ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಅದನ್ನೇ ಕುರಿತು ದೀರ್ಘ ಭಾಷಣ ಮಾಡಿದನು. 1801ರಲ್ಲಿ ಆ ರಾಜ್ಯದ ಆಡಳಿತ ಕಂಪನಿಯ ಕೈಸೇರಿತು. ಅದೇ ವರ್ಷ ಅಯೋಧ್ಯೆಯ ನವಾಬನೂ ದಂಡಿನ ಖರ್ಚಿಗಾಗಿ ತನ್ನ ಸೀಮೆಯ ಸುಮಾರು ಅರ್ಧವನ್ನು ಬಿಟ್ಟುಕೊಟ್ಟನು. ಹೈದರಾಬಾದಿನ ನಿಜಾಮನ ಕಥೆ ನಮಗೆ ಇನ್ನೂ ಹತ್ತಿರದ್ದು. ಮೈಸೂರಿನ ಎರಡು ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದಿದ್ದ ಸೀಮೆಯನ್ನು ಆತ 1800ರಲ್ಲಿ ಸೈನ್ಯದ ವೆಚ್ಚಕ್ಕೆಂದು ಕಂಪನಿಗೆ ಒಪ್ಪಿಸಿದನು. ಬಳ್ಳಾರಿ ಮದರಾಸಿಗೆ ಸೇರಿದ್ದು ಹೀಗೆ. ದತ್ತಮಂಡಲ ಎಂಬ ಹೆಸರು ಆ ಪ್ರದೇಶಕ್ಕೆ ಅಂಟಿದ್ದೂ ಈ ದಾನದಿಂದಲೇ.

ಮೈಸೂರಿನಲ್ಲಿ 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಮೇಲೆ, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ಜುಲೈ ತಿಂಗಳ ಒಪ್ಪಂದದಂತೆ ರಾಜ್ಯವು ವರ್ಷಕ್ಕೆ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು 24.5 ಲಕ್ಷ ರೂಪಾಯಿಗಳನ್ನು, ತೆರಬೇಕಾಗಿತ್ತು. ಆ ಹಣಕ್ಕೆ ಸಂಚಕಾರ ಬಂದೀತೆಂದು ಕಂಡರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕನ್ನು ಗವರ್ನರ್ ಜನರಲ್ ಆ ಪತ್ರದಲ್ಲಿಯೇ ಕಾಯ್ದಿರಿಸಿಕೊಂಡಿದ್ದನು. ದಿವಾನ್ ಪೂರ್ಣಯ್ಯನವರ ದಕ್ಷತೆಯಿಂದ ಹಲವು ವರ್ಷ ಆ ಷರತ್ತು ಮಲಗಿತ್ತು. ಮುಂದೆ ಅಮಲ್ದಾರರು ಇಂತಿಷ್ಟು ಹಣ ಕಟ್ಟುವೆವೆಂದು ಒಪ್ಪಿ ಅಧಿಕಾರ ಹಿಡಿದು, ರೈತರನ್ನು ಹಿಂಡತೊಡಗಿದಾಗ, 1830ರಲ್ಲಿ ನಗರದ ಸೀಮೆಯಲ್ಲಿ ರೈತರು ಕೂಟ ಕಟ್ಟಿ ಎದ್ದರು. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯವೂ ಬಂದಿತು. 1831ರಲ್ಲಿ ಬೆಂಟಿಂಕ್ ಹಳೆಯ ಷರತ್ತನ್ನು ಎಬ್ಬಿಸಿ ಅರಸನ ಅಧಿಕಾರವನ್ನು ಕಸಿದುಕೊಂಡನು.

ಇದಕ್ಕೆ ಎಂಟು ವರ್ಷ ಮೊದಲು, 1823ರಲ್ಲಿ, ಇದೇ ದೊರೆಯ ಆಶ್ರಯದಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಬರೆದದ್ದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು. ಚಾಣಕ್ಯನ ತಂತ್ರ, ರಾಕ್ಷಸನ ಸ್ವಾಮಿನಿಷ್ಠೆಗಳ ಆ ಗದ್ಯಕಥೆಯನ್ನು ಓದುವಾಗ, ಅದು ಹುಟ್ಟಿದ ಆಸ್ಥಾನದಲ್ಲಿ ಸಂಧಿವಿಗ್ರಹದ ಹಕ್ಕು ಯಾರ ಕೈಯಲ್ಲಿತ್ತೆಂಬುದು ನೆನಪಾಗದೆ ಇರದು.

ಈ ಪದ್ಧತಿಯ ನಿಜವಾದ ಕೇಡನ್ನು ಗುರುತಿಸಿದವರಲ್ಲಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಒಬ್ಬ. ಇಂಥ ರಕ್ಷಣೆ ದೊರೆತಲ್ಲೆಲ್ಲ ರಾಜ್ಯಾಡಳಿತ ಸೊರಗುತ್ತದೆ, ಅರಸ ಉದಾಸೀನನಾಗುತ್ತಾನೆ ಎಂದು ಆತ 1817ರಲ್ಲಿಯೇ ಬರೆದನು. ಕಾರಣ ಸ್ಪಷ್ಟ. ಹಿಂದಿನ ದೊರೆಗೆ ಪ್ರಜೆಗಳ ಭಯವಿತ್ತು; ತೀರ ಪೀಡಿಸಿದರೆ ಅವರು ದಂಗೆಯೇಳಬಹುದು, ನೆರೆಯ ರಾಜ್ಯಕ್ಕೆ ಗುಳೆ ಹೋಗಬಹುದು. ಪರರ ದಂಡು ಬಾಗಿಲಲ್ಲಿ ನಿಂತ ಮೇಲೆ ಆ ಭಯ ಹೋಯಿತು. ಭಯದೊಡನೆ ಅವರಿಬ್ಬರ ಸಂಬಂಧವೂ ಹೋಯಿತು.

ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆಯ ಅನಂತರ 1881ರಲ್ಲಿ ರಾಜ್ಯ ಅರಸುಮನೆತನಕ್ಕೆ ಮರಳಿತು. ಈ ಅವಧಿಯಲ್ಲಿ ರಸ್ತೆಗಳಾದವು, ರೈಲು ಬಂದಿತು, ಇಂಗ್ಲಿಷ್ ವಿದ್ಯೆ ಹರಡಿತು. ಇವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು ಎನ್ನುವವರುಂಟು. ಆದರೆ ರಾಜ್ಯವನ್ನು ಹಿಂದಿರುಗಿಸಿದ ಆ ಪತ್ರದಲ್ಲಿಯೇ ವಾರ್ಷಿಕ ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಗಿತ್ತೆಂಬುದನ್ನೂ ಮರೆಯಲಾಗದು.

ಈ ಕಾಗದಗಳು ಎಳೆದ ಗೆರೆಗಳು ನಮ್ಮ ನುಡಿಯ ಮೇಲೂ ಬಿದ್ದವು. ಬಳ್ಳಾರಿ, ಮಂಗಳೂರುಗಳು ಮದರಾಸಿಗೆ. 1818ರಲ್ಲಿ ಪೇಶ್ವೆಯ ಪತನದಿಂದ ಧಾರವಾಡದ ಸೀಮೆ ಮುಂಬಯಿಗೆ. ಕಲಬುರ್ಗಿ, ರಾಯಚೂರುಗಳು ನಿಜಾಮನಲ್ಲಿ. 1834ರಲ್ಲಿ ಕೊಡಗು ಬೇರೆಯೇ ಆಡಳಿತದಲ್ಲಿ. ತಾಲ್ಲೂಕಿನ ಅಧಿಕಾರಿ ಮೈಸೂರಿನವರಿಗೆ ಅಮಲ್ದಾರ, ಧಾರವಾಡದವರಿಗೆ ಮಾಮಲೇದಾರ, ಬಳ್ಳಾರಿಯವರಿಗೆ ತಹಶೀಲ್ದಾರ. ಊರಿನ ಲೆಕ್ಕ ಬರೆಯುವವನು ಒಂದೆಡೆ ಶ್ಯಾನುಭೋಗ, ಮತ್ತೊಂದೆಡೆ ಕುಲಕರ್ಣಿ, ಇನ್ನೊಂದೆಡೆ ಕರಣಂ. ಮುಂಬಯಿ ಪ್ರಾಂತದಲ್ಲಿ ಕನ್ನಡ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಶ್ರಮಿಸಬೇಕಾಯಿತು. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ, 1915ರಲ್ಲಿ ಸಾಹಿತ್ಯ ಪರಿಷತ್ತು, ಆಲೂರು ವೆಂಕಟರಾಯರ ಏಕೀಕರಣದ ತಪಸ್ಸು, ಇವೆಲ್ಲ ಆ ಗೆರೆಗಳನ್ನು ಅಳಿಸುವ ಪ್ರಯತ್ನಗಳೇ. ಅದು ಕೈಗೂಡಿದ್ದು 1956ರ ನವೆಂಬರ್ 1ರಂದು.

ವೆಲ್ಲೆಸ್ಲಿಯ ಒಪ್ಪಂದಗಳಿಗೆ ರುಜು ಹಾಕಿದ ಅರಸರೆಲ್ಲ ಹೇಡಿಗಳಾಗಿರಲಿಲ್ಲ. ಅವರು ನೆರೆಯವನಿಗೆ ಅಂಜಿ, ದೂರದಿಂದ ಬಂದವನನ್ನು ನಂಬಿದರು. ನೆರೆಯವರು ತಮ್ಮತಮ್ಮಲ್ಲೇ ಕೂಡಿ ಮಾತಾಡಿಕೊಳ್ಳಬಹುದಾಗಿದ್ದ ದಿನಗಳು ಇದ್ದವು. ಒಪ್ಪಂದದ ಮೊದಲ ಷರತ್ತುಗಳಲ್ಲಿ ಆ ಮಾತುಕತೆಯನ್ನೇ ನಿಷೇಧಿಸಿದ್ದರ ಮರ್ಮವನ್ನು ಅವರು ಅರಿಯುವ ಹೊತ್ತಿಗೆ, ಪತ್ರ ಬರೆಯಲು ಯಾವ ನೆರೆಯವನೂ ಸ್ವತಂತ್ರನಾಗಿ ಉಳಿದಿರಲಿಲ್ಲ.