ಜಾರುವ ನೊಗ, ಬಿಗಿದ ನೊಗ: ಜೀಪಿನ ಹೊಟ್ಟೆ ಕೆಳಗಿನ ಇತಿಹಾಸ

1/6
ಡೆನ್ವರ್‌ನಲ್ಲಿರೋ ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನನ್ನ ಅಣ್ಣ, ಸೆಕೆಂಡ್ ಹ್ಯಾಂಡಲ್ಲಿ ಒಂದು ಜೀಪ್ ತಗೊಂಡ. 2001ರ ರ‍್ಯಾಂಗ್ಲರ್, ಜೀಪಿನವರ ಭಾಷೆಯಲ್ಲಿ ಟಿಜೆ. ಹಳೇ ಓನರ್ ಅದನ್ನ 4 ಇಂಚು ಎತ್ತರಿಸಿ, ದೊಡ್ಡ ಟೈರ್ ಹಾಕಿ, ಕೆಳಗೆ ಬೇರೇನೂ ಮಾಡದೆ ಮಾರಿಬಿಟ್ಟಿದ್ದ. ಹೈವೇಗೆ ಬಂದರೆ ಸಾಕು, ಸೀಟ್ ಕೆಳಗಿಂದ ದುಂಬಿ ಗುಂಯ್‌ಗುಟ್ಟೋ ಥರ ಸದ್ದು, ನಡುಕ. ವಿಡಿಯೋ ಕಾಲ್ ಮಾಡಿ ಕೇಳಿದ: "ಏನೋ ಮೆಕ್ಯಾನಿಕಲ್, ಓದಿದ್ದು ಏನಾದ್ರೂ ತಲೇಲಿ ಇದ್ಯಾ? ಇದಕ್ಕೆ ಏನ್ ಮಾಡ್ಲಿ ಹೇಳು."

ಆಗ ಉತ್ತರ ಗೊತ್ತಿರಲಿಲ್ಲ. ಹುಡುಕ್ತಾ ಹೋದರೆ ಉತ್ತರಕ್ಕಿಂತ ದೊಡ್ಡ ಕಥೆ ಸಿಕ್ತು. ಅದೇ ಈ ಸರಣಿ. ಮೊದಲ ಫೋಟೋದಲ್ಲಿರೋದು ನಾನೇ ಬರೆದ ಸ್ಕೆಚ್. ಗೆರೆ ಸೊಟ್ಟಗಿದ್ರೆ ಡ್ರಾಯಿಂಗ್ ಮೇಷ್ಟ್ರಿಗೆ ಹೇಳಬೇಡಿ.

2/6
ಮೊದಲು ಒಂದು ಪದ. ಯೋಕ್ ಅಂದ್ರೆ ನೊಗ. ಎತ್ತಿನ ಕೊರಳಿಗೆ ಹಾಕ್ತೀವಲ್ಲ, ಅದೇ. ಗಾಡಿಯ ಕೆಳಗೆ ಉದ್ದಕ್ಕೆ ತಿರುಗೋ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಕವೆಯ ಹಾಗೆ ಎರಡು ಕಿವಿ ಇರುತ್ತಲ್ಲ, ಅದು ಯೋಕ್. ಎರಡು ಯೋಕ್ ನಡುವೆ ಕೂರೋದು ಜಾಯಿಂಟ್ ಕ್ರಾಸ್. ಇಷ್ಟು ಸೇರಿದರೆ ನಾವು ಮಷೀನ್ ಡ್ರಾಯಿಂಗಲ್ಲಿ ರಬ್ಬರ್ ಸವೆಯೋವರೆಗೂ ಬರೆದ ಯೂನಿವರ್ಸಲ್ ಜಾಯಿಂಟ್.

ಇದನ್ನ ರಾಬರ್ಟ್ ಹುಕ್ 1676ರಲ್ಲೇ ಪುಸ್ತಕದಲ್ಲಿ ವಿವರಿಸಿದ್ದ. ಸ್ಪ್ರಿಂಗ್ ನಿಯಮದ ಹುಕ್ ಅವನೇ. ಆದರೆ ಅವನು ಯೋಚಿಸ್ತಿದ್ದದ್ದು ಆಕಾಶ ನೋಡೋ ಉಪಕರಣಗಳ ಬಗ್ಗೆ. ಕಾರಿಗೆ ಅದನ್ನ ಗಟ್ಟಿಯಾಗಿ ತಂದವನು ಕ್ಲಾರೆನ್ಸ್ ಸ್ಪೈಸರ್. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅವನು. 1903ರಲ್ಲಿ ಪೇಟೆಂಟ್ ಸಿಕ್ತು, ಮರುವರ್ಷ ನ್ಯೂಜೆರ್ಸಿಯಲ್ಲಿ ತಯಾರಿಕೆ ಶುರು. ನಮ್ಮ ಹಾಗೇ ಓದ್ತಾ ಇದ್ದವನು ಕಣ್ರೋ! (ನಾವು ಇನ್ನೂ ಮಿನಿ ಪ್ರಾಜೆಕ್ಟ್ ಟೈಟಲ್ಲೇ ಕೊಟ್ಟಿಲ್ಲ.)

1941ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ವಿಲ್ಲೀಸ್ ಜೀಪಿನ ಟ್ರಾನ್ಸ್‌ಫರ್ ಕೇಸ್ ಕೂಡ ಇದೇ ಸ್ಪೈಸರ್ ಹೆಸರಿನದು, ಮಾಡೆಲ್ 18. ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಹಂಚೋ ಡಬ್ಬಿ ಇದು. ಇಲ್ಲಿ ಒಂದು ವಿಷಯ ಗಮನಿಸಿ: ಇದರ ಯೋಕ್ ನಟ್ ಹಾಕಿ ಬಿಗಿದದ್ದು, ಅಲುಗಾಡಲ್ಲ. ಚಕ್ರ ಮೇಲೆ ಕೆಳಗೆ ಆದಾಗ ಶಾಫ್ಟ್ ಉದ್ದ ಗಿಡ್ಡ ಆಗಬೇಕಲ್ಲ, ಆ ಜಾರುವ ಜಾಗ ಶಾಫ್ಟಿನೊಳಗೇ ಇತ್ತು.

3/6
ಯುದ್ಧ ಮುಗೀತು, ಜೀಪ್ ಊರಿಗೆ ಬಂತು. 1953ರಲ್ಲಿ ಕ್ಯಾಲಿಫೋರ್ನಿಯಾದ ರುಬಿಕಾನ್ ಟ್ರೇಲ್ ಮೇಲೆ ಮೊದಲ ಜೀಪರ್ಸ್ ಜಾಂಬೋರಿ ನಡೀತು. 1967ರಿಂದ ಯೂಟಾದ ಮೋಆಬ್‌ನಲ್ಲಿ ಈಸ್ಟರ್ ಜೀಪ್ ಸಫಾರಿ. ಬಂಡೆ ಹತ್ತೋದು ಹವ್ಯಾಸ ಆಯ್ತು. ದೊಡ್ಡ ಬಂಡೆಗೆ ದೊಡ್ಡ ಟೈರ್ ಬೇಕು, ದೊಡ್ಡ ಟೈರ್ ಬಾಡಿಗೆ ತಾಗದೆ ಇರಬೇಕು ಅಂದ್ರೆ ಗಾಡಿ ಎತ್ತಬೇಕು. ಅಲ್ಲಿಂದ ಶುರು ಲಿಫ್ಟ್ ಕಿಟ್ ಪುರಾಣ.

ಅಷ್ಟೊತ್ತಿಗೆ ಕಂಪನಿಯಲ್ಲಿ ಇನ್ನೊಂದು ಬದಲಾವಣೆ. 1980ರಿಂದ 1986ರವರೆಗೆ ಸಿಜೆ ಜೀಪುಗಳಲ್ಲಿದ್ದ ಡಾನಾ 300 ಗಟ್ಟಿ ಕಬ್ಬಿಣದ, ಗೇರಿನ ಕೇಸ್, ಬಿಗಿದ ಯೋಕ್. ಆಮೇಲೆ ಬಂದ ರ‍್ಯಾಂಗ್ಲರ್‌ಗಳಲ್ಲಿ ನ್ಯೂ ಪ್ರೋಸೆಸ್ ಕಂಪನಿಯ ಅಲ್ಯುಮಿನಿಯಂ ಮೈಯ, ಒಳಗೆ ಚೈನ್ ಇರೋ ಕೇಸ್. ಅದರಲ್ಲಿ ಹೆಸರಾದದ್ದು ಎನ್‌ಪಿ231. (ಸಿರಾಕ್ಯೂಸ್ ಊರಿನ ಈ ಕಂಪನಿ 19ನೇ ಶತಮಾನದ ಕೊನೆಗೆ ಹುಟ್ಟಿದಾಗ ಮಾಡ್ತಿದ್ದದ್ದು ಹಸಿ ಚರ್ಮದ ಗೇರು. ಹೌದು, ಚರ್ಮದ್ದೇ! ಸದ್ದು ಕಡಿಮೆ ಅಂತ.)

231 ಕೆಟ್ಟ ಕೇಸ್ ಅಲ್ಲ. ಹಗುರ, ಸದ್ದಿಲ್ಲ, ಲೋ ರೇಂಜ್ 2.72. ಆದರೆ ಹಿಂದಿನ ಔಟ್‌ಪುಟ್‌ನಲ್ಲಿ ಸ್ಲಿಪ್ ಯೋಕ್ ಬಂತು. ಕೇಸಿನಿಂದ ಉದ್ದವಾದ, ಹಲ್ಲು ಕೊರೆದ ಶಾಫ್ಟ್ ಹೊರಗೆ ಬಂದಿರುತ್ತೆ. ಪ್ರೊಪೆಲ್ಲರ್ ಶಾಫ್ಟಿನ ಯೋಕ್ ಅದರ ಮೇಲೆ ಟೋಪಿ ಹಾಕಿದ ಹಾಗೆ ಜಾರುತ್ತೆ. ಬೇರೆ ಸ್ಲಿಪ್ ಜಾಯಿಂಟ್ ಬೇಡ, ಖರ್ಚು ಕಡಿಮೆ. ಫ್ಯಾಕ್ಟರಿ ಎತ್ತರದಲ್ಲಿ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಬಯ್ಯೋಕೆ ಮುಂಚೆ ಇದನ್ನ ಒಪ್ಪಿಕೊಳ್ಳಬೇಕು.

4/6
ಈಗ ಎತ್ತಿ ನೋಡಿ.

ಟಿಜೆಯ ವೀಲ್‌ಬೇಸ್ 93.4 ಇಂಚು ಅಷ್ಟೇ. ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಅದರ ಉದ್ದನೆ ಬಾಲ, ಎಲ್ಲಾ ಜಾಗ ತಿಂದಮೇಲೆ ಹಿಂದಿನ ಶಾಫ್ಟಿಗೆ ಉಳಿಯೋದು ಮೊಳದಷ್ಟು. ಲೆಕ್ಕಕ್ಕೆ 18 ಇಂಚು ಅಂದುಕೊಳ್ಳಿ. ಮಟ್ಟವಾಗಿದ್ದ ಶಾಫ್ಟಿನ ಒಂದು ತುದಿ 4 ಇಂಚು ಮೇಲೆ ಹೋದರೆ ಕೋನ ಹನ್ನೆರಡೂವರೆ ಡಿಗ್ರಿ. ಅದೇ 48 ಇಂಚು ಶಾಫ್ಟಿರೋ ಪಿಕಪ್‌ನಲ್ಲಿ ಐದು ಡಿಗ್ರಿಗಿಂತ ಕಡಿಮೆ. ಗಿಡ್ಡ ಜೀಪಿಗೇ ಯಾಕೆ ಈ ಕಾಯಿಲೆ ಅಂತ ಈಗ ಗೊತ್ತಾಯ್ತಲ್ಲ? ನಿಜವಾದ ಗಾಡಿಯಲ್ಲಿ ಶಾಫ್ಟ್ ಮೊದಲೇ ಸ್ವಲ್ಪ ಇಳಿಜಾರಾಗಿರುತ್ತೆ, ಹಾಗಾಗಿ ಒಟ್ಟು ಕೋನ ಇನ್ನೂ ಜಾಸ್ತಿ.

ಕೈನೆಮ್ಯಾಟಿಕ್ಸ್ ಪೇಪರಲ್ಲಿ ಬರ್ತಿತ್ತಲ್ಲ, ಹುಕ್ಸ್ ಜಾಯಿಂಟ್ ಕೋನದಲ್ಲಿ ತಿರುಗಿದಾಗ ಹೊರಬರೋ ವೇಗ ಒಂದೇ ಸಮ ಇರಲ್ಲ. ಒಂದು ಸುತ್ತಿಗೆ ಎರಡು ಸಲ ಹಿಂದೆ ಬೀಳುತ್ತೆ, ಎರಡು ಸಲ ಮುಂದೆ ಓಡುತ್ತೆ. 20 ಡಿಗ್ರಿಗೆ ಸುಮಾರು ಶೇ 6ರಷ್ಟು ಆಚೀಚೆ. "ಎರಡೂ ತುದಿಗೆ ಸಮ ಕೋನ ಇದ್ರೆ ಕ್ಯಾನ್ಸಲ್ ಆಗುತ್ತೆ" ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀವಿ, ಸರಿನೇ. ಆದರೆ ಕ್ಯಾನ್ಸಲ್ ಆಗೋದು ಆಕ್ಸಲ್ ಹತ್ರ. ನಡುವಿನ ಶಾಫ್ಟ್ ಪಾಪ ಓಡ್ತಾ ನಿಲ್ತಾ ಓಡ್ತಾ ನಿಲ್ತಾನೇ ತಿರುಗುತ್ತೆ. ನಿಮಿಷಕ್ಕೆ 2500 ಸುತ್ತು ಅಂದ್ರೆ 5000 ಸಲ ಒದ್ದಾಟ. ಅಣ್ಣನ ಸೀಟ್ ಕೆಳಗಿನ ದುಂಬಿ ಅದೇ.

ನಡುಕ ಸಹಿಸ್ಕೋಬಹುದು. ಹೆದರಬೇಕಾದ್ದು ಬೇರೆ ಇದೆ. ಲಿಫ್ಟ್ ಮಾಡಿದಾಗ ಜಾರುವ ಯೋಕ್ ಆಗಲೇ ಅರ್ಧ ಹೊರಗೆ ಬಂದಿರುತ್ತೆ. ಬಂಡೆ ಮೇಲೆ ಹಿಂದಿನ ಚಕ್ರಗಳು ಜೋತುಬಿದ್ದರೆ ಇನ್ನಷ್ಟು ಎಳೆಯುತ್ತೆ. ಅತಿಯಾದ ಕೋನದಲ್ಲಿ ಕಿವಿಗೆ ಕಿವಿ ತಾಗಿ ಜಾಯಿಂಟ್ ಮುರಿದರೆ ಶಾಫ್ಟ್ ಬಿಚ್ಚಿ, ಫೋರ್-ವೀಲ್ ಹಾಕಿ ಮುಂದಿನ ಚಕ್ರದ ಮೇಲೆ ಮನೆ ಸೇರೋಣ ಅಂದ್ರೆ ಆಗಲ್ಲ: ಆ ಯೋಕೇ ಕೇಸಿನ ಆಯಿಲ್ ಸೀಲಿನ ಬಿರಡೆ. ಎಳೆದರೆ ಎಣ್ಣೆ ಎಲ್ಲಾ ನೆಲಕ್ಕೆ. ಕಣಿವೆಯಲ್ಲಿ, ನೆಟ್‌ವರ್ಕ್ ಇಲ್ಲದ ಜಾಗದಲ್ಲಿ.

5/6
ಹಾಗಾದ್ರೆ ಜನ ಏನು ಮಾಡಿದ್ರು?

ಅಗ್ಗದ ದಾರಿ ಡ್ರಾಪ್ ಕಿಟ್. ಟ್ರಾನ್ಸ್‌ಫರ್ ಕೇಸ್ ಹೊತ್ತಿರೋ ತಳದ ಪ್ಲೇಟಿಗೂ ಫ್ರೇಮಿಗೂ ನಡುವೆ ಸುಮಾರು ಒಂದಿಂಚಿನ ತುಂಡುಗಳನ್ನ ಇಟ್ಟು ಕೇಸನ್ನೇ ಕೆಳಗಿಳಿಸೋದು. ಕೋನ ಕಡಿಮೆ ಆಗುತ್ತೆ ನಿಜ. ಆದರೆ ಎತ್ತರಕ್ಕೆ ಅಂತ ದುಡ್ಡು ಕೊಟ್ಟು, ಹೊಟ್ಟೆ ಕೆಳಗೆ ಒಂದಿಂಚು ವಾಪಸ್ ಕೊಟ್ಟ ಹಾಗಾಯ್ತು. 2 ಇಂಚು ಎತ್ತಿ ಆಫೀಸಿಗೆ ಹೋಗೋರಿಗೆ ಸಾಕು. ಬಂಡೆಗಲ್ಲ.

ಎರಡನೇದು ಹ್ಯಾಕ್ ಅಂಡ್ ಟ್ಯಾಪ್. ಹೆಸರೇ ಹೇಳುತ್ತೆ: ಇರೋ ಔಟ್‌ಪುಟ್ ಶಾಫ್ಟನ್ನ ಕತ್ತರಿಸು, ತುದಿಗೆ ತೂತು ಕೊರೆದು ಮರೆ ಹಾಕು, ಬೋಲ್ಟಲ್ಲಿ ಯೋಕ್ ಬಿಗಿ. ಕೇಸ್ ಬಿಚ್ಚೋ ಹಾಗಿಲ್ಲ, ಖರ್ಚು ಕಡಿಮೆ. ನನಗೆ ಇದು ಇಷ್ಟ ಆಗಿಲ್ಲ. ಗಾಡಿ ಕೆಳಗೆ ಮಲಗಿ, ಗಟ್ಟಿ ಉಕ್ಕಿಗೆ ಕೈಯಲ್ಲಿ ನೇರ ತೂತು ಕೊರೆಯೋದು ನಮ್ಮ ವರ್ಕ್‌ಶಾಪ್ ಲ್ಯಾಬ್ ನೆನಪಿರೋರಿಗೆ ಗೊತ್ತು. ಸೆಂಟರ್ ತಪ್ಪಿದರೆ, ಯಾವ ನಡುಕ ಹೋಗಲಿ ಅಂತ ಹೊರಟ್ರೋ ಅದನ್ನ ನೀವೇ ಹೊಸದಾಗಿ ಮಾಡಿಕೊಂಡ ಹಾಗೆ.

ಮೂರನೇದು ಪೂರ್ತಿ ಸ್ಲಿಪ್ ಯೋಕ್ ಎಲಿಮಿನೇಟರ್, ಜೀಪಿನವರ ಬಾಯಲ್ಲಿ ಎಸ್‌ವೈಇ. ಕೇಸ್ ಎರಡು ಹೋಳು ಮಾಡಿ, ಉದ್ದ ಶಾಫ್ಟ್ ತೆಗೆದು ಗಿಡ್ಡದ್ದು ಹಾಕಿ, ಬಾಲ ಮೋಟು ಮಾಡಿ, ಯೋಕ್ ಬಿಗಿಯೋದು. ಆ ಬಾಲ ಕಡಿದ ಜಾಗ ಪ್ರೊಪೆಲ್ಲರ್ ಶಾಫ್ಟಿಗೆ ಸಿಗುತ್ತೆ. 18 ಇಂಚು 23 ಆದರೆ ನಮ್ಮ ಲೆಕ್ಕದ ಹನ್ನೆರಡೂವರೆ ಡಿಗ್ರಿ ಹತ್ತಕ್ಕೆ ಇಳೀತು. ಜೊತೆಗೆ ಮೇಲಿನ ತುದಿಗೆ ಡಬಲ್ ಕಾರ್ಡನ್ ಜಾಯಿಂಟ್: ಎರಡು ಕ್ರಾಸ್ ಪಕ್ಕಪಕ್ಕ ಕೂತು ಕೋನವನ್ನ ಹಂಚಿಕೊಳ್ಳುತ್ವೆ, ಏರಿಳಿತ ಅಲ್ಲೇ ಮುಗಿಯುತ್ತೆ.

ಇಲ್ಲೇ ಬಹಳ ಜನ ಎಡವೋದು. ಮೇಲೆ ಡಬಲ್ ಕಾರ್ಡನ್ ಬಂದಮೇಲೆ ಸಮ ಕೋನದ ನಿಯಮ ಹೋಯ್ತು. ಕೆಳಗಿನ ಒಂಟಿ ಜಾಯಿಂಟಿಗೆ ಕೋನವೇ ಇರಬಾರದು. ಅಂದ್ರೆ ಹಿಂದಿನ ಆಕ್ಸಲ್ಲನ್ನೇ ತಿರುಗಿಸಿ ಪಿನಿಯನ್ ಮೂತಿ ಕೇಸಿನ ಕಡೆ ನೋಡೋ ಹಾಗೆ ಮಾಡಬೇಕು, ಒಂದೆರಡು ಡಿಗ್ರಿ ತಗ್ಗಿಸಿ, ಯಾಕಂದ್ರೆ ಆಕ್ಸಿಲರೇಟರ್ ಒತ್ತಿದಾಗ ಮೂತಿ ಮೇಲೇಳುತ್ತೆ. ಟಿಜೆಯಲ್ಲಿ ಫ್ಯಾಕ್ಟರಿ ಕಂಟ್ರೋಲ್ ಆರ್ಮ್ ಅಡ್ಜಸ್ಟ್ ಆಗಲ್ಲ, ಅದನ್ನೂ ಬದಲಿಸಬೇಕು. ಕಿಟ್, ಹೊಸ ಶಾಫ್ಟ್, ಆರ್ಮ್: ಮೂರೂ ಸೇರಿ ಒಂದು ಕೆಲಸ. ಒಂದನ್ನ ಬಿಟ್ಟರೆ ದುಂಬಿ ಹೋಗಲ್ಲ.

6/6
2003ರಲ್ಲಿ ಜೀಪ್ ಕಂಪನಿ ರ‍್ಯಾಂಗ್ಲರ್ ರುಬಿಕಾನ್ ಅಂತ ತಂತು, ಆ ಟ್ರೇಲ್ ಹೆಸರಲ್ಲೇ. ಎನ್‌ವಿ241 ಕೇಸ್, 4:1 ಲೋ ರೇಂಜ್, ಮತ್ತೆ ಹಿಂದೆ... ಬಿಗಿದ ಯೋಕ್! 2007ರ ಜೆಕೆ ಬಂದಾಗ ಜಾರುವ ಯೋಕ್ ರ‍್ಯಾಂಗ್ಲರಿನಿಂದ ಪೂರ್ತಿ ಹೋಯ್ತು. ಗ್ಯಾರೇಜಿನವರು ವರ್ಷಗಟ್ಟಲೆ ಕಡಿದು ಜೋಡಿಸಿ ಮಾಡ್ತಿದ್ದದ್ದನ್ನ ಫ್ಯಾಕ್ಟರಿ ಕೊನೆಗೆ ತಾನೇ ಮಾಡ್ತು. ಅಥವಾ 1941ಕ್ಕೆ ವಾಪಸ್ ಹೋಯ್ತು ಅನ್ನಿ.

ಥಾರ್ ಎತ್ತೋಕೆ ಹೊರಟಿರೋ ಗೆಳೆಯರಿಗೆ ಒಂದು ಮಾತು: ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ಮೊದಲು ಓದಿ, ಆಮೇಲೆ ಸ್ಪ್ಯಾನರ್ ಹಿಡೀರಿ.

ಅಣ್ಣ ಏನು ಮಾಡಿದ? ಮೊದಲು ಡ್ರಾಪ್ ಕಿಟ್ ಹಾಕಿಸ್ತೀನಿ ಅಂದ. ಅತ್ತಿಗೆ "ಆಮೇಲೆ ಎಲ್ಲೋ ಗುಡ್ಡದಲ್ಲಿ ನಿಂತ್ರೆ ಮಗೂನ ಎತ್ಕೊಂಡು ನಾನು ನಡೀಬೇಕಾ?" ಅಂದ್ರಂತೆ. ಪೂರ್ತಿ ಕಿಟ್ ಆರ್ಡರ್ ಆಯ್ತು. ಹೋದ ತಿಂಗಳು ಹೈವೇಯಿಂದ ಕಾಲ್ ಮಾಡಿ ಫೋನನ್ನ ಸೀಟ್ ಪಕ್ಕ ಹಿಡಿದ. ಟೈರ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಮಲೆನಾಡಿನ ಕಡೆಯವರು ಯಾರಾದ್ರೂ ಇದ್ರೆ, ತೋಟದಲ್ಲಿರೋ ಹಳೇ ಮಹೀಂದ್ರ ಸಿಜೆ3ಬಿ ಕೆಳಗೆ ಒಂದ್ಸಲ ಬಗ್ಗಿ ನೋಡಿ. ಹಿಂದಿನ ಆಕ್ಸಲ್ಲಿನ ಗುಂಡು ನಡುವೆ ಇಲ್ಲದೆ ಬಲಕ್ಕೆ ಸರಿದಿದೆಯಾ? ಫೋಟೋ ಕಳಿಸಿ, ಮುಂದಿನ ಸರಣಿ ಅದರದ್ದೇ.