ಪಟ್ಟಣ ಪಂಚಾಯಿತಿಗಳ ಖರೀದಿ ಮತ್ತು ಗುತ್ತಿಗೆ ವ್ಯವಸ್ಥೆ: ಮೇಗುಂದ ಸೀಮೆ

ನಗರ ಸ್ಥಳೀಯ ಸಂಸ್ಥೆಯೊಂದು ತನ್ನ ಕೆಲಸಕ್ಕೆ ಬೇಕಾದ ಸಾಮಗ್ರಿ, ಸೇವೆ ಮತ್ತು ಕಾಮಗಾರಿಗಳನ್ನು ಹೊರಗಿನವರಿಂದ ಹಣ ತೆತ್ತು ಪಡೆಯುವ ಕ್ರಮಕ್ಕೆ ಕಾನೂನಿನ ಭಾಷೆಯಲ್ಲಿ ಸಾರ್ವಜನಿಕ ಸಂಗ್ರಹಣೆ ಎಂದು ಹೆಸರು. ಬೀದಿದೀಪದ ಬಲ್ಬು, ನೀರಿನ ಪಂಪು, ಬ್ಲೀಚಿಂಗ್ ಪುಡಿ ಮುಂತಾದವುಗಳ ಖರೀದಿ, ಚರಂಡಿ ರಸ್ತೆಗಳ ನಿರ್ಮಾಣ, ಕಸ ಸಾಗಿಸುವ ವಾಹನಗಳ ಬಾಡಿಗೆ, ಇವೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತವೆ. ಇಂದು ಕೊಪ್ಪ ತಾಲ್ಲೂಕಿನ ಒಂದು ಹೋಬಳಿಯ ಹೆಸರಾಗಿ ಉಳಿದಿರುವ ಮೇಗುಂದ ಮತ್ತು ಅದರ ಸುತ್ತಣ ಮಲೆನಾಡಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ಪಟ್ಟಣ ಪಂಚಾಯಿತಿಗಳಿದ್ದು, 2011ರ ಜನಗಣತಿಯ ವೇಳೆಗೆ ಇವುಗಳಲ್ಲಿ ಯಾವುದರ ಜನಸಂಖ್ಯೆಯೂ ಹತ್ತು ಸಾವಿರವನ್ನು ಮುಟ್ಟಿರಲಿಲ್ಲ. ಇಷ್ಟು ಸಣ್ಣ ಊರುಗಳ ಖರೀದಿಯ ಇತಿಹಾಸವು ಮಾರುಕಟ್ಟೆಯ ಇತಿಹಾಸ ಎನ್ನುವುದಕ್ಕಿಂತ ಹಣ ಯಾರದು, ಮಂಜೂರಾತಿಯ ಸಹಿ ಯಾರದು ಎಂಬುದರ ಇತಿಹಾಸವಾಗಿದೆ.

ಪುರಸಭೆಗಳು ಹುಟ್ಟುವುದಕ್ಕೆ ಬಹಳ ಮೊದಲೇ ಈ ಸೀಮೆಯಲ್ಲಿ ಗುತ್ತಿಗೆಯ ಪದ್ಧತಿ ಬೇರೂರಿತ್ತು. ವಿಜಯನಗರದ ಕಾಲದಿಂದಲೂ ಸುಂಕ, ಕಂದಾಯಗಳ ವಸೂಲಿಯನ್ನು ಸರ್ಕಾರವೇ ತನ್ನ ನೌಕರರ ಮೂಲಕ ನಡೆಸಿದರೆ ಅದು ಅಮಾನಿ, ನಿಗದಿತ ಮೊತ್ತಕ್ಕೆ ಒಬ್ಬನಿಗೆ ವಹಿಸಿಕೊಟ್ಟರೆ ಅದು ಗುತ್ತಿಗೆ ಎನಿಸುತ್ತಿತ್ತು. ಶೃಂಗೇರಿ ಮಠವು ಜಹಗೀರಿನ ಒಡೆತನವನ್ನು ಹೊಂದಿದ್ದರಿಂದ ಆ ಊರಿನ ಮಟ್ಟಿಗೆ ಖರೀದಿ ಮತ್ತು ದಾಸ್ತಾನಿನ ಲೆಕ್ಕ ಬಹುಕಾಲ ಮಠದ ಕರಣಿಕರ ಕೈಯಲ್ಲಿತ್ತು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಅಂಥ ಲೆಕ್ಕಪತ್ರದ ಸಾಧನವಾಗಿದ್ದವು. ಮಠದ ಕಡತ ಮತ್ತು ಸನದುಗಳನ್ನು ಇತಿಹಾಸಕಾರ ಎ.ಕೆ. ಶಾಸ್ತ್ರಿ ಸಂಪಾದಿಸಿ ಬೆಳಕಿಗೆ ತಂದಿದ್ದಾರೆ. ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದಾದ ಕಾರಣ ಕಡತವು ವ್ಯಾಪಾರಿಗೆ ಅನುಕೂಲವಾಗಿತ್ತೇ ಹೊರತು ತಪಾಸಣೆಗೆ ಅಷ್ಟು ಒದಗುವಂಥದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಆ ಕಾಲದಲ್ಲಿ ಊರಿನ ತುರ್ತು ಅಗತ್ಯವನ್ನು ಪೂರೈಸುತ್ತಿದ್ದುದು ಟೆಂಡರಲ್ಲ, ಪ್ರಭುವಿನ ಅಪ್ಪಣೆ. 1791ರಲ್ಲಿ ಪರಶುರಾಮ ಭಾವೂವಿನ ಮರಾಠಾ ಸೈನ್ಯಕ್ಕೆ ಸೇರಿದ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದಾಗ, ಟಿಪ್ಪು ಸುಲ್ತಾನನು ಶಾರದೆಯ ಪುನಃಪ್ರತಿಷ್ಠೆಗಾಗಿ 200 ರಾಹತಿ ನಾಣ್ಯಗಳನ್ನು ನಗದಾಗಿಯೂ ಅಷ್ಟೇ ಬೆಲೆಯ ಧಾನ್ಯವನ್ನೂ ಒದಗಿಸುವಂತೆ ನಗರ ಎಂಬ ಪ್ರಾಂತದ ಆಸಫನಿಗೆ, ಅಂದರೆ ಪ್ರಾಂತಾಧಿಕಾರಿಗೆ, ಆದೇಶಿಸಿದನು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದ ಪತ್ರಗಳಿಂದ ಈ ಸಂಗತಿ ತಿಳಿಯುತ್ತದೆ. ಹಣದ ಮೂಲ, ಒದಗಿಸಬೇಕಾದ ಅಧಿಕಾರಿ, ಒದಗಿಸಬೇಕಾದ ಪ್ರಮಾಣ, ಮೂರೂ ಒಂದೇ ಆದೇಶದಲ್ಲಿ ಅಡಕವಾಗಿದ್ದವು. ಇಲ್ಲದಿದ್ದದ್ದು ಬೆಲೆಗಳ ಪೈಪೋಟಿ ಮಾತ್ರ.

ಗುತ್ತಿಗೆಗೆ ಈ ಭಾಗದಲ್ಲಿ ಅಂಟಿದ ಕೆಟ್ಟ ಹೆಸರು ಹತ್ತೊಂಬತ್ತನೆಯ ಶತಮಾನದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಅಮಲ್ದಾರರು ತಮ್ಮ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ಕಟ್ಟಿಕೊಡುವುದಾಗಿ ಬರೆದುಕೊಡುತ್ತಿದ್ದ ಶರತ್ತು ಪದ್ಧತಿಯು, ಒಪ್ಪಿದ ಮೊತ್ತವನ್ನು ರೈತರಿಂದ ಹೇಗಾದರೂ ಹಿಂಡಿ ತೆಗೆಯುವ ಪರವಾನಗಿಯಾಗಿ ಪರಿಣಮಿಸಿತು. 1830ರಲ್ಲಿ ಎದ್ದ ನಗರ ದಂಗೆಗೆ ಇದೂ ಒಂದು ಮುಖ್ಯ ಕಾರಣವಾಗಿತ್ತು. ದಂಗೆಯ ಬೆನ್ನಿಗೆ 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರುಗಳ ವಶವಾಯಿತು. ಹೆಚ್ಚು ಕೊಡುತ್ತೇನೆಂದವನಿಗೇ ಕೆಲಸ ಒಪ್ಪಿಸಿ, ಅವನು ಅದನ್ನು ಹೇಗೆ ನಿಭಾಯಿಸುತ್ತಾನೆಂದು ನೋಡದೆ ಹೋದರೆ ಏನಾಗುತ್ತದೆಂಬುದಕ್ಕೆ ಮಲೆನಾಡಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಕಮಿಷನರುಗಳ ಆಳ್ವಿಕೆಯಲ್ಲಿ, 1856ರಲ್ಲಿ, ಮೈಸೂರಿನ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು. ಅಂದಾಜು ಪಟ್ಟಿ, ದರಪಟ್ಟಿ, ಅಳತೆ ಪುಸ್ತಕ ಎಂಬ ಮೂರು ದಸ್ತಾವೇಜುಗಳು ಇಂದಿನ ಪಟ್ಟಣ ಪಂಚಾಯಿತಿಗೆ ಬಂದುದು ಈ ಇಲಾಖೆಯ ಪರಂಪರೆಯಿಂದಲೇ. ಅಂದಾಜು ಪಟ್ಟಿಯು ತಗಲುವ ವೆಚ್ಚವನ್ನು ಕೆಲಸಕ್ಕೆ ಮುನ್ನವೇ ಹೇಳುತ್ತದೆ, ಎಸ್.ಆರ್. ಎಂದೇ ಪರಿಚಿತವಾದ ದರಪಟ್ಟಿಯು ಅಗೆತ, ಕಾಂಕ್ರೀಟು, ಕಲ್ಲುಕಟ್ಟಡ ಮೊದಲಾದ ಪ್ರತಿಯೊಂದು ಬಾಬಿನ ಒಪ್ಪಿತ ಬೆಲೆಯನ್ನು ನಿಗದಿ ಮಾಡುತ್ತದೆ, ಎಂ.ಬಿ. ಎಂದು ಕರೆಯಲಾಗುವ ಅಳತೆ ಪುಸ್ತಕವು ನಿಜವಾಗಿ ಆದ ಕೆಲಸವನ್ನು ದಾಖಲಿಸುತ್ತದೆ. ಈ ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರುತ್ತಾರೆ. ಉದ್ದ, ಅಗಲ, ಆಳಗಳನ್ನು ಸ್ಥಳದಲ್ಲೇ ಬರೆಯಬೇಕು, ಅಳಿಸಕೂಡದು. ತಪ್ಪಿದ ಅಂಕಿಯ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಚುಟುಕು ಸಹಿ ಹಾಕಬೇಕು. ಕಡತದ ಬಳಪಕ್ಕೂ ಎಂ.ಬಿ.ಯ ಶಾಯಿಗೂ ನಡುವಿನ ವ್ಯತ್ಯಾಸ ಇಲ್ಲಿದೆ. ಗುತ್ತಿಗೆದಾರನ ಬಿಲ್ಲು ಪಾವತಿಯಾಗುವುದು ಈ ಪುಸ್ತಕದ ಆಧಾರದ ಮೇಲೆಯೇ ಆದುದರಿಂದ, ಮುಂದೆ ಬಂದ ಎಲ್ಲ ಕಾಯಿದೆಗಳಿಗಿಂತ ಇದರ ಪ್ರಭಾವ ಆಳವಾದುದು.

ಮೈಸೂರು ಸಂಸ್ಥಾನದಲ್ಲಿ ಪುರಸಭಾ ಸಮಿತಿಗಳು 1862ರಲ್ಲಿ ಬೆಂಗಳೂರಿನಿಂದ ಮೊದಲಾಗಿ ಕ್ರಮೇಣ ತಾಲ್ಲೂಕು ಕೇಂದ್ರಗಳಿಗೆ ಹಬ್ಬಿದವು. ಕೊಪ್ಪದ ಸೀಮೆಯು 1863ರಲ್ಲಿ ರಚನೆಯಾದ ಕಡೂರು ಜಿಲ್ಲೆಗೆ ಸೇರಿತ್ತು. ಈ ಜಿಲ್ಲೆ 1947ರಲ್ಲಿ ಚಿಕ್ಕಮಗಳೂರು ಎಂಬ ಹೆಸರು ಪಡೆಯಿತು. ಎಡೇಹಳ್ಳಿ ಎಂಬ ಊರು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ನರಸಿಂಹರಾಜಪುರವಾಯಿತು. ಕಾಡಿನ ಮರ ಸಾಗಿಸಲೆಂದು ತರೀಕೆರೆಯಿಂದ ಅಲ್ಲಿಗೆ ಹಾಕಿದ ಟ್ರಾಮು ಹಳಿಯಿಂದ ಆ ಊರಿನ ಸರಕು ಸಾಗಣೆ ಸಲೀಸಾಯಿತು. ಶೃಂಗೇರಿ ಮಾತ್ರ ಇನಾಂ ರದ್ದತಿಯ ಕಾಯಿದೆಗಳು ಬರುವವರೆಗೂ ಜಹಗೀರಾಗಿಯೇ ಮುಂದುವರಿಯಿತು. ಸಂಸ್ಥಾನದ ಪುರಸಭೆಗಳನ್ನು ಮೊದಲು 1906ರ ನಿಬಂಧನೆ, ಬಳಿಕ 1951ರ ಮೈಸೂರು ಪಟ್ಟಣ ಪುರಸಭೆಗಳ ಕಾಯಿದೆ ನಿಯಂತ್ರಿಸಿದವು. ರಾಜ್ಯದ ಏಕೀಕರಣದ ನಂತರ ಬೇರೆ ಬೇರೆ ಪ್ರಾಂತಗಳ ಕಾನೂನುಗಳನ್ನು ಒಟ್ಟುಗೂಡಿಸಿ 1964ರಲ್ಲಿ ರೂಪಿಸಿದ ಪುರಸಭೆಗಳ ಕಾಯಿದೆಯೇ ಇಂದಿಗೂ ಜಾರಿಯಲ್ಲಿದೆ. ಅದರಂತೆ ಪುರಸಭೆಯು ತನ್ನದೇ ಮೊಹರುಳ್ಳ ಒಂದು ಕಾನೂನುಬದ್ಧ ವ್ಯಕ್ತಿಯಾಗಿದ್ದು, ಸ್ವತ್ತನ್ನು ಗುತ್ತಿಗೆಗೆ ಕೊಡುವ, ಮಾರುವ ಹಾಗೂ ಕರಾರು ಮಾಡಿಕೊಳ್ಳುವ ಅಧಿಕಾರವನ್ನು 72ನೆಯ ಕಲಮಿನಿಂದ ಪಡೆಯುತ್ತದೆ. ಆದರೆ ಆ ಅಧಿಕಾರವು ಸರ್ಕಾರದ ಹಾಗೂ ಜಿಲ್ಲಾಧಿಕಾರಿಯ ಮಂಜೂರಾತಿಯ ಕಟ್ಟುಗಳೊಳಗೆ ನಡೆಯತಕ್ಕದ್ದು.

ಪುರಸಭೆಗಳ ಸ್ವಂತ ಆದಾಯಕ್ಕೆ ಆಧಾರವಾಗಿದ್ದ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, 1979ರಲ್ಲಿ ರದ್ದಾಯಿತು. ಈ ಪಟ್ಟಣಗಳ ಖರೀದಿಯ ಇತಿಹಾಸದಲ್ಲಿ ಇದು ಹೊರಗೆ ಕಾಣದ ಆದರೆ ನಿರ್ಣಾಯಕವಾದ ತಿರುವು. ಅಲ್ಲಿಂದ ಮುಂದೆ ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆಗಳ ಬಾಡಿಗೆ, ಸಂತೆಯ ಸುಂಕದ ಹರಾಜು ಇವಿಷ್ಟೇ ಕೈಯಲ್ಲಿ ಉಳಿದು, ದೊಡ್ಡ ಕೆಲಸಗಳೆಲ್ಲವೂ ರಾಜ್ಯ ಹಣಕಾಸು ಆಯೋಗ, ಕೇಂದ್ರ ಹಣಕಾಸು ಆಯೋಗ ಹಾಗೂ ನಗರೋತ್ಥಾನದಂಥ ಯೋಜನೆಗಳ ಅನುದಾನವನ್ನು ನೆಚ್ಚಿಕೊಳ್ಳಬೇಕಾಯಿತು. ಪುರಸಭೆಗಳ ಮೇಲ್ವಿಚಾರಣೆಗೆ 1984ರಲ್ಲಿ ಪೌರಾಡಳಿತ ನಿರ್ದೇಶನಾಲಯ ಸ್ಥಾಪನೆಯಾಯಿತು. ಸಂವಿಧಾನದ 74ನೆಯ ತಿದ್ದುಪಡಿಗೆ ಅನುಗುಣವಾಗಿ 1994ರಲ್ಲಿ ರಾಜ್ಯದ ಕಾಯಿದೆಯನ್ನು ತಿದ್ದಿದಾಗ ಪಟ್ಟಣ ಪಂಚಾಯಿತಿ ಎಂಬ ವರ್ಗ ಅಸ್ತಿತ್ವಕ್ಕೆ ಬಂತು. ಅನುದಾನದ ಜೊತೆಗೆ ಅದನ್ನು ಯಾವುದಕ್ಕೆ ಎಷ್ಟು ಪ್ರಮಾಣದಲ್ಲಿ ಖರ್ಚು ಮಾಡಬೇಕೆಂಬ ಸುತ್ತೋಲೆಯೂ ಬರುವುದರಿಂದ, ಚುನಾಯಿತ ಸದಸ್ಯರ ಪಾಲಿಗೆ ಉಳಿದದ್ದು ಬಹುಮಟ್ಟಿಗೆ ವಾರ್ಡುವಾರು ಹಂಚಿಕೆ ಮಾತ್ರ. ಯಾತ್ರಿಕರ ಊರಾದ ಶೃಂಗೇರಿಗೆ ಇದರ ಬಿಸಿ ಹೆಚ್ಚು: ಅನುದಾನದ ಲೆಕ್ಕಕ್ಕೆ ಸಿಗುವುದು ಊರಿನ ನಿವಾಸಿಗಳು, ಕಸ ಮತ್ತು ನೀರಿನ ಲೆಕ್ಕಕ್ಕೆ ಸೇರುವುದು ನವರಾತ್ರಿಗೂ ರಜೆಗೂ ಬಂದು ಹೋಗುವ ಜನಸಾಗರ.

ಟೆಂಡರನ್ನು ಪದ್ಧತಿಯ ಮಟ್ಟದಿಂದ ಕಾನೂನಿನ ಮಟ್ಟಕ್ಕೆ ಏರಿಸಿದ್ದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಅಧಿಕಾರಿಗಳ ಬಾಯಲ್ಲಿ ಕೆ.ಟಿ.ಪಿ.ಪಿ. ಕಾಯಿದೆ. ಸರ್ಕಾರಿ ಸಂಸ್ಥೆಯು ತನ್ನ ಗುತ್ತಿಗೆಯನ್ನು ಮನಬಂದವರಿಗೆ ಕೊಡುವಂತಿಲ್ಲ, ತಾನೇ ವಿಧಿಸಿದ ಷರತ್ತಿಗೆ ತಾನೂ ಬದ್ಧ ಎಂದು ಸರ್ವೋಚ್ಚ ನ್ಯಾಯಾಲಯವು 1979ರ ರಮಣ ದಯಾರಾಂ ಶೆಟ್ಟಿ ಪ್ರಕರಣದಲ್ಲಿ ಹೇಳಿತ್ತು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು 1994ರಲ್ಲಿ ಒಂದು ಮಾದರಿ ಕಾನೂನನ್ನು ಹೊರತಂದಿತ್ತು. ತಮಿಳುನಾಡು 1998ರಲ್ಲಿ ಇಂಥ ಕಾಯಿದೆ ಮಾಡಿದ ಮೊದಲ ರಾಜ್ಯವಾದರೆ ಕರ್ನಾಟಕ ಎರಡನೆಯದು. ಕಾಯಿದೆಯು ಟೆಂಡರ್ ಕರೆಯುವ ಪ್ರಾಧಿಕಾರವನ್ನೂ ಅದನ್ನು ಅಂಗೀಕರಿಸುವ ಪ್ರಾಧಿಕಾರವನ್ನೂ ಬೇರೆ ಬೇರೆಯಾಗಿ ಗುರುತಿಸಿತು. ಪ್ರಕಟಣೆಗೆ ಜಿಲ್ಲಾ ಟೆಂಡರ್ ಬುಲೆಟಿನ್ನನ್ನು ಕಡ್ಡಾಯಗೊಳಿಸಿತು. ನೊಂದ ಬಿಡ್ಡುದಾರನಿಗೆ ಮೇಲ್ಮನವಿಯ ಹಕ್ಕು ಕೊಟ್ಟಿತು. 2000ನೆಯ ಇಸವಿಯ ನಿಯಮಗಳು ಬಿಡ್ಡು ಸಲ್ಲಿಸಲು ಎರಡು ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕಿಂತ ಮೇಲ್ಪಟ್ಟದ್ದಕ್ಕೆ 60 ದಿನಗಳ ಕಾಲಾವಕಾಶ ನಿಗದಿ ಮಾಡಿದವು.

ಈ ಚೌಕಟ್ಟಿನಲ್ಲಿ ಒಂದು ವಾರ್ಡಿನ ಚರಂಡಿ ಆಗಬೇಕಾದರೂ ಕಡತವು ಸಾಗಬೇಕಾದ ದಾರಿ ಉದ್ದವಾದುದು. ಸಾಮಾನ್ಯ ಸಭೆಯಲ್ಲಿ ಒಪ್ಪಿದ ಕ್ರಿಯಾಯೋಜನೆಗೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಅನುಮೋದನೆ ಸಿಗಬೇಕು. ಎಂಜಿನಿಯರು ಅಂದಾಜು ಪಟ್ಟಿ ತಯಾರಿಸಿ ತಾಂತ್ರಿಕ ಮಂಜೂರಾತಿ ಪಡೆಯಬೇಕು. ಟೆಂಡರಿನಲ್ಲಿ ಭಾಗವಹಿಸುವವರು ಇ.ಎಂ.ಡಿ., ಅಂದರೆ ಹಿಂದೆ ಸರಿಯುವುದಿಲ್ಲವೆಂಬ ಭರವಸೆಯ ಠೇವಣಿ, ಇಡಬೇಕು. ಬಂದ ದರಗಳನ್ನು ತುಲನಾತ್ಮಕ ಪಟ್ಟಿಯಲ್ಲಿ ಹೋಲಿಸಿ, ಕಡಿಮೆ ದರದ ಅರ್ಹ ಬಿಡ್ಡನ್ನು ಒಪ್ಪಿ, ಕರಾರು ಬರೆಸಿಕೊಂಡು, ಮುಖ್ಯಾಧಿಕಾರಿ ಕಾರ್ಯಾದೇಶ ಕೊಡುತ್ತಾರೆ. ಬಿಲ್ಲಿನಿಂದ ಆದಾಯ ತೆರಿಗೆ, ಜಿ.ಎಸ್.ಟಿ., ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಶೇ. 1ರ ಸೆಸ್ಸು ಕಡಿತವಾಗಿ, ದೋಷ ಹೊಣೆಗಾರಿಕೆ ಅವಧಿ ಮುಗಿಯುವವರೆಗೆ ಭದ್ರತಾ ಠೇವಣಿ ಪಂಚಾಯಿತಿಯಲ್ಲೇ ಉಳಿಯುತ್ತದೆ. ಅಂದಾಜಿಗಿಂತ ಬಹಳ ಕಡಿಮೆ ದರ ಹಾಕಿ ಕೆಲಸ ಹಿಡಿದವನು ಸಿಮೆಂಟಿನಲ್ಲಿ ಅದನ್ನು ಸರಿದೂಗಿಸಿಕೊಳ್ಳುವ ಅಪಾಯವನ್ನು ಯಾವ ನಿಯಮವೂ ಪೂರ್ತಿಯಾಗಿ ತಡೆದಿಲ್ಲ.

ಮಲೆನಾಡಿನ ಮಳೆಯು ಈ ದಾರಿಯನ್ನು ಇನ್ನಷ್ಟು ಬಿಕ್ಕಟ್ಟಿಗೆ ತಳ್ಳುತ್ತದೆ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಡಾಂಬರಾಗಲಿ ಅಡಿಪಾಯವಾಗಲಿ ಸಾಧ್ಯವಿಲ್ಲದ ಕಾರಣ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದಲ್ಲಿ ಕೆಲಸಕ್ಕೆ ಒದಗುವುದು ಅರ್ಧದಷ್ಟು ಕಾಲ ಮಾತ್ರ. ಅನುಮೋದನೆಗಳು ತಡವಾದರೆ ಎಲ್ಲವೂ ಮಾರ್ಚಿನ ಕೊನೆಗೆ ಬಂದು ಬೀಳುತ್ತವೆ. ದೂರದಿಂದ ಬರುವ ಜಲ್ಲಿ, ಮರಳಿಗೆ ದರಪಟ್ಟಿಯ ಮೇಲೆ ಲೀಡ್, ಅಂದರೆ ಸಾಗಣೆಯ ದೂರಕ್ಕೆ ತಕ್ಕ ವೆಚ್ಚ, ಸೇರಿಸಬೇಕಾಗುತ್ತದೆ. ತುಂಗೆ ಉಕ್ಕಿ ಶೃಂಗೇರಿಯ ಗಾಂಧಿ ಮೈದಾನ ಮುಳುಗಿದಾಗ, ಅಥವಾ 2019ರ ಆಗಸ್ಟಿನಂತೆ ಗುಡ್ಡಗಳು ಜರಿದಾಗ, ತಿಂಗಳ ಕಾಲಾವಕಾಶದ ಟೆಂಡರು ನಿರರ್ಥಕ. ಇಂಥ ಸಂದರ್ಭಕ್ಕೆಂದೇ ಕಾಯಿದೆಯ 4(ಎ) ಕಲಮು, ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಸ್ಥಿತಿಯಲ್ಲಿ ಟೆಂಡರಿನಿಂದ ವಿನಾಯಿತಿ ನೀಡುತ್ತದೆ.

ಉಳಿದ ವಿನಾಯಿತಿಗಳ ಕಥೆ ಅಷ್ಟು ನಿರಪಾಯಕರವಲ್ಲ. ಸಣ್ಣ ಮೊತ್ತದ ಕೆಲಸವನ್ನು ಟೆಂಡರಿಲ್ಲದೆ ಕೊಡುವ ಅವಕಾಶದಿಂದ ತುಂಡು ಗುತ್ತಿಗೆ ಬೆಳೆಯಿತು. ಒಂದೇ ರಸ್ತೆಯನ್ನು ಮಿತಿಯೊಳಗೆ ಹಿಡಿಸುವಂತೆ ಭಾಗ ಮಾಡುವುದು ನಿಯಮಬಾಹಿರವಾದರೂ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಲ್ಲಿ ಅದು ಮತ್ತೆ ಮತ್ತೆ ಕಾಣುವ ದೋಷ. 4(ಜಿ) ಕಲಮಿನಡಿ ಸರ್ಕಾರ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವುದರಿಂದ, 1974ರಲ್ಲಿ ನಿಗಮವಾದ, ಕಾಮಗಾರಿ ನಡೆಸುವ ಸರ್ಕಾರಿ ಸಂಸ್ಥೆ ಭೂಸೇನೆಯ ಇಂದಿನ ರೂಪವಾದ ಕೆ.ಆರ್.ಐ.ಡಿ.ಎಲ್. ಮತ್ತು ಜಿಲ್ಲಾ ನಿರ್ಮಿತಿ ಕೇಂದ್ರಗಳಿಗೆ ಕಾಮಗಾರಿಗಳು ನೇರವಾಗಿ ಸಲ್ಲುತ್ತವೆ. ಸರ್ಕಾರಿ ಸಂಸ್ಥೆಯ ಹೆಸರಿನಲ್ಲಿ ಪಡೆದ ಕೆಲಸವು ಮತ್ತೆ ಖಾಸಗಿಯವರ ಕೈಗೇ ಹೋಗುತ್ತದೆಂಬ ದೂರು ರಾಜ್ಯದಾದ್ಯಂತ ಇದೆ.

ಸೇವೆಯ ಗುತ್ತಿಗೆಯಲ್ಲಿ ಅತ್ಯಂತ ಮಹತ್ವದ ಬದಲಾವಣೆ ಪೌರಕಾರ್ಮಿಕರದು. ಸ್ವಚ್ಛತೆಯ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸಿದ್ದರಿಂದ ಕಡಿಮೆ ದರ ಹಾಕಿದವನ ಉಳಿತಾಯವು ಕೂಲಿಯವರ ಸಂಬಳದಿಂದಲೇ ಬರುತ್ತಿತ್ತು. ದೀರ್ಘ ಹೋರಾಟದ ಬಳಿಕ 2017ರ ಸುಮಾರಿನಲ್ಲಿ ರಾಜ್ಯ ಸರ್ಕಾರವು 700 ಜನರಿಗೆ ಒಬ್ಬ ಪೌರಕಾರ್ಮಿಕರೆಂಬ ಲೆಕ್ಕವನ್ನು ಒಪ್ಪಿ, ಮಧ್ಯವರ್ತಿಯಿಲ್ಲದ ನೇರ ಪಾವತಿಗೆ ದಾರಿ ಮಾಡಿತು.

ಇ-ಪ್ರೊಕ್ಯೂರ್‌ಮೆಂಟ್ ಎಂಬ ಆನ್‌ಲೈನ್ ಟೆಂಡರ್ ವ್ಯವಸ್ಥೆಯನ್ನು ಕರ್ನಾಟಕ 2007ರಲ್ಲಿ ಆರಂಭಿಸಿತು. ಟೆಂಡರ್ ಪೆಟ್ಟಿಗೆಯ ಮುಂದೆ ನಿಂತು ಪ್ರತಿಸ್ಪರ್ಧಿಯನ್ನು ತಡೆಯುವ ಹಳೆಯ ದಬ್ಬಾಳಿಕೆಗೆ ಇದರಿಂದ ಕಡಿವಾಣ ಬಿದ್ದಿತು. ಅದರ ಮುನ್ನವೇ, 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ದ್ವಿನಮೂದು ಪದ್ಧತಿಯನ್ನು ತಂದಿದ್ದವು. ಇದರಿಂದ ಪಾವತಿಯಾದ ಹಣದ ಜೊತೆಗೆ ಗುತ್ತಿಗೆದಾರನಿಗೆ ಕೊಡಬೇಕಾಗಿರುವ ಬಾಕಿಯೂ ಪುಸ್ತಕದಲ್ಲಿ ಕಾಣುವಂತಾಯಿತು. ಆದರೂ ಗಣಕವು ಎಲ್ಲಕ್ಕೂ ಮದ್ದಲ್ಲ: 2019ರಲ್ಲಿ ಇದೇ ಜಾಲತಾಣಕ್ಕೆ ಕನ್ನ ಹಾಕಿ ಠೇವಣಿ ಹಣದಲ್ಲಿ 11.5 ಕೋಟಿ ರೂಪಾಯಿ ದೋಚಲಾಯಿತು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವು ಶೇ. 40ರ ಕಮಿಷನ್ ಆರೋಪ ಮಾಡಿ ಪ್ರಧಾನಿಗೆ ಪತ್ರ ಬರೆದದ್ದು ದೇಶದ ಗಮನ ಸೆಳೆಯಿತು.

ಇತ್ತೀಚಿನ ತಿದ್ದುಪಡಿಗಳು ಗುತ್ತಿಗೆ ಯಾರಿಗೆ ಸಿಗಬೇಕೆಂಬ ಪ್ರಶ್ನೆಯನ್ನು ಕುರಿತವು. 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ. 17.15, ಪರಿಶಿಷ್ಟ ಪಂಗಡದವರಿಗೆ ಶೇ. 6.95 ಮೀಸಲಾತಿ ಬಂದಿದ್ದು, 2023ರಲ್ಲಿ ಮಿತಿ ಒಂದು ಕೋಟಿಗೆ ಏರಿತು. ಅದನ್ನು ಎರಡು ಕೋಟಿಗೆ ಏರಿಸಿ ಹಿಂದುಳಿದ ವರ್ಗಗಳ ಪ್ರವರ್ಗ 2ಬಿಗೂ ಪಾಲು ಕೊಡುವ ಮಸೂದೆಗೆ 2025ರ ಮಾರ್ಚಿನಲ್ಲಿ ವಿಧಾನಮಂಡಲ ಒಪ್ಪಿಗೆ ನೀಡಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಮಹಾನಗರಗಳಲ್ಲಿ ಕೋಟಿಗಟ್ಟಲೆಯ ಪ್ಯಾಕೇಜುಗಳು ಈ ಮಿತಿಯ ಆಚೆ ಉಳಿಯುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಪಟ್ಟಣಗಳ ಚರಂಡಿ, ತಡೆಗೋಡೆ, ಕಾಂಕ್ರೀಟ್ ರಸ್ತೆಗಳು ಬಹುಪಾಲು ಅದರ ಒಳಗೇ ಬರುವುದರಿಂದ ಮೀಸಲಾತಿಯ ನಿಯಮ ಹೆಚ್ಚಾಗಿ ಅನ್ವಯವಾಗುವುದು ಇಂಥ ಸಣ್ಣ ಪಂಚಾಯಿತಿಗಳಲ್ಲಿಯೇ.